ಮನೆ ಮುಂದೆ ಕಟ್ಟಿಗೆ ಡೆಕ್ ಹಾಕಿಸ್ತೀರಾ? ಸೀಡರ್ ಹೆಸರಿಗಿಂತ ಮೊದಲು ಕೆಳಗಿನ ಗಾಳಿ ನೋಡಿ

ಬಳ್ಳಾರಿ: ಹೊಸ ಮನೆ ಕಟ್ಟಿಸುವವರ ಮೊಬೈಲ್‌ನಲ್ಲಿ ಈಗ ಒಂದು ಫೋಟೊ ಇದ್ದೇ ಇರುತ್ತದೆ. ಮನೆ ಮುಂದೆಯೋ ಮಾಳಿಗೆ ಮೇಲೆಯೋ ಕಂದು ಬಣ್ಣದ ಹಲಗೆ ಜೋಡಿಸಿದ ಕಟ್ಟೆ, ಅದರ ಮೇಲೆ ಎರಡು ಕುರ್ಚಿ, ಪಕ್ಕದಲ್ಲಿ ಹೂವಿನ ಕುಂಡ. ಇದಕ್ಕೆ ಡೆಕ್ ಅಂತಾರೆ. ಫೋಟೊ ತೋರಿಸಿದ ಮೇಲೆ ಬರುವ ಮಾತೂ ಒಂದೇ: "ಸೀಡರ್ ಮರ ತರಿಸಿದ್ರೆ ನೀರಿಗೂ ಏನಾಗಲ್ಲಂತ್ರಿ, ಹೌದಾ?"

ಅರ್ಧ ಹೌದು. ಸೀಡರ್ ಒಳ್ಳೆಯ ಕಟ್ಟಿಗೆಯೇ. ಆದರೆ ಬಳ್ಳಾರಿ, ಸಿರುಗುಪ್ಪ, ಕುರುಗೋಡು ಕಡೆ ಡೆಕ್ ಕೆಡುವುದು ಬರೀ ಮಳೆ ನೀರಿನಿಂದಲ್ಲ. ಬೇಸಿಗೆಯ ಒಣ ಬಿಸಿಲು, ಮಳೆಗಾಲದ ತೇವ, ಎರೆ ಮಣ್ಣಿನ ಹಿಗ್ಗಾಟ, ಗೆದ್ದಲು ಇವು ನಾಲ್ಕೂ ಸೇರಿ ಕೆಡಿಸುತ್ತವೆ. ಕೆಳಗೆ ಗಾಳಿ ಆಡದಂತೆ ಕಟ್ಟಿದರೆ ಎಷ್ಟೇ ದುಬಾರಿ ಮರ ತಂದರೂ ಉಳಿಯುವುದಿಲ್ಲ. ಗಾಳಿ ಆಡುವಂತೆ ಕಟ್ಟಿದರೆ ನಮ್ಮಲ್ಲೇ ಸಿಗುವ ಸಾಗವಾನಿ (ತೇಗ) ಕೂಡ ಬಹಳ ವರ್ಷ ಬಾಳುತ್ತದೆ. ಹಾಗಾಗಿ ಟಿಂಬರ್ ಡಿಪೋಗೆ ಅಡ್ವಾನ್ಸ್ ಕೊಡುವ ಮುಂಚೆ ತಿಳಿದುಕೊಳ್ಳಬೇಕಾದ ವಿಷಯಗಳು ಇಲ್ಲಿವೆ.

ಡೆಕ್ ಅಂದರೆ ನಮಗೆ ಹೊಸದೇನಲ್ಲ

ನಮ್ಮ ಭಾಗದ ಹಳೇ ಮಾಳಿಗೆ ಮನೆ ನೆನಪಿಸಿಕೊಳ್ಳಿ. ಗೋಡೆ ಮೇಲೆ ದಪ್ಪ ತೊಲೆ, ತೊಲೆ ಮೇಲೆ ಅಡ್ಡಡ್ಡ ಜಂತೆ, ಜಂತೆ ಮೇಲೆ ಹಲಗೆ ಅಥವಾ ಕಟ್ಟಿಗೆ ತುಂಡು, ಅದರ ಮೇಲೆ ಮಣ್ಣು. ಡೆಕ್‌ನ ಕಟ್ಟಡವೂ ಇದೇ: ಕೆಳಗೆ ತೊಲೆ, ಮೇಲೆ ಜಂತೆ, ಅದರ ಮೇಲೆ ಹಲಗೆ. ವ್ಯತ್ಯಾಸ ಎರಡು. ಡೆಕ್ ಬಯಲಲ್ಲಿ ಇರುತ್ತದೆ, ಬಿಸಿಲು ಮಳೆ ಎರಡೂ ನೇರವಾಗಿ ಬೀಳುತ್ತವೆ. ಹಲಗೆ ಹಲಗೆ ನಡುವೆ ಸಂದು ಬಿಟ್ಟಿರುತ್ತಾರೆ, ನೀರು ಅದರಿಂದ ಕೆಳಗೆ ಇಳಿಯುತ್ತದೆ.

ಹಳೇ ಮನೆಗಳಲ್ಲಿ ಇನ್ನೊಂದು ಜಾಣತನ ಇತ್ತು. ಪಡಸಾಲೆಯ ಕಟ್ಟಿಗೆ ಕಂಬವನ್ನು ಯಾರೂ ನೇರ ಮಣ್ಣಿಗೆ ಹೂಳುತ್ತಿರಲಿಲ್ಲ. ಅಡಿಗಲ್ಲು ಇಟ್ಟು ಅದರ ಮೇಲೆ ನಿಲ್ಲಿಸುತ್ತಿದ್ದರು. ಕಲ್ಲು ಇದ್ದರೆ ನೆಲದ ತೇವ ಕಂಬಕ್ಕೆ ಏರುವುದಿಲ್ಲ, ಗೆದ್ದಲು ಏರಿದರೂ ಕಣ್ಣಿಗೆ ಬೀಳುತ್ತದೆ. ಇವತ್ತಿನ ಡೆಕ್‌ಗೂ ಮೊದಲ ನಿಯಮ ಇದೇ.

ಸೀಡರ್ ಅಂದ್ರೆ ಯಾವ ಮರ?

ಹೆಸರು ಒಂದೇ, ಮರ ಹಲವು. ಡೆಕ್‌ಗೆ ಹೆಸರಾಗಿರುವುದು ವೆಸ್ಟರ್ನ್ ರೆಡ್ ಸೀಡರ್. ಕೆನಡಾದ ಬ್ರಿಟಿಷ್ ಕೊಲಂಬಿಯಾ ಮತ್ತು ಅಮೆರಿಕದ ವಾಯವ್ಯ ಕರಾವಳಿಯ ಮರ ಇದು. ಸಸ್ಯಶಾಸ್ತ್ರದ ಪ್ರಕಾರ ಇದು ನಿಜವಾದ ಸೀಡರ್ ಜಾತಿಯೇ ಅಲ್ಲ, ಸೈಪ್ರೆಸ್ ಕುಟುಂಬದ್ದು. ನಿಜವಾದ ಸೀಡರ್ ನಮ್ಮ ದೇಶದ್ದೇ ಇದೆ: ಹಿಮಾಲಯದ ದೇವದಾರು. ಹಿಮಾಚಲ, ಕಾಶ್ಮೀರದ ಹಳೇ ಮನೆ, ಗುಡಿಗಳಲ್ಲಿ ಬಳಸಿದ್ದು ಅದನ್ನೇ. ಇವೆರಡರ ಜೊತೆಗೆ ತೂನ್ ಮರಕ್ಕೂ ವ್ಯಾಪಾರದಲ್ಲಿ ರೆಡ್ ಸೀಡರ್ ಎಂಬ ಹೆಸರಿದೆ. ಹಾಗಾಗಿ ಬಿಲ್ಲಿನಲ್ಲಿ ಬರೀ 'ಸೀಡರ್' ಎಂದು ಬರೆಸಿಕೊಂಡರೆ ಸಾಲದು. ಯಾವ ಸೀಡರ್, ಯಾವ ದೇಶದ ಮಾಲು ಎಂದು ಬರೆಸಿಕೊಳ್ಳಿ.

ವೆಸ್ಟರ್ನ್ ರೆಡ್ ಸೀಡರ್‌ನ ಕೆಚ್ಚಿನಲ್ಲಿ ಬೂಷ್ಟು ತಡೆಯುವ ರಾಸಾಯನಿಕ ಸಹಜವಾಗಿಯೇ ಇರುತ್ತದೆ. ಅದಕ್ಕೇ ಅದು ಬೇಗ ಕೊಳೆಯುವುದಿಲ್ಲ. ಕೆಚ್ಚು ಎಂದರೆ ಮರದ ಒಳಗಿನ ಗಾಢ ಬಣ್ಣದ ಭಾಗ. ಹೊರಗಿನ ಬಿಳಿ ಭಾಗಕ್ಕೆ ಈ ಗುಣ ಇಲ್ಲ. ಈ ಮಾತು ಸಾಗವಾನಿಗೂ ಅನ್ವಯಿಸುತ್ತದೆ. ಬಿಳಿ ಭಾಗ ಹೆಚ್ಚಿರುವ ಎಳೆ ಸಾಗವಾನಿ ತಂದು "ಸಾಗವಾನಿಗೂ ಗೆದ್ದಲು ಹತ್ತಿತಲ್ಲ" ಎಂದರೆ ತಪ್ಪು ಮರದ್ದಲ್ಲ, ಆರಿಸಿದ ಹಲಗೆಯದು.

ಸೀಡರ್ ಹಗುರ. ಒಂದು ಘನ ಮೀಟರಿಗೆ ಸುಮಾರು 370-380 ಕೆ.ಜಿ. ತೂಗುತ್ತದೆ. ಸಾಗವಾನಿ 650 ಕೆ.ಜಿ. ಆಸುಪಾಸು. ಹಗುರ ಇದ್ದಷ್ಟು ಮೆತ್ತಗೂ ಇರುತ್ತದೆ. ಮಂಚದ ಕಾಲು, ಕಬ್ಬಿಣದ ಕುರ್ಚಿ, ಬೈಕ್ ಸ್ಟ್ಯಾಂಡ್ ಇಟ್ಟರೆ ಗುಳಿ ಬೀಳುತ್ತದೆ. ಇಬ್ಬರು ಮೂವರು ಕೂತು ಚಹಾ ಕುಡಿಯುವ ಜಾಗಕ್ಕೆ, ಚಾವಣಿಗೆ, ಪರ್ಗೋಲಾಕ್ಕೆ ಚೆನ್ನ. ದಿನವಿಡೀ ಜನ ಓಡಾಡುವ ಅಂಗಡಿ ಮುಂಗಟ್ಟಿಗೆ ಅಷ್ಟು ಸರಿಹೋಗದು.

"ಮಳೆನೇ ಬರಲ್ಲ, ತೇವ ಎಲ್ಲೈತ್ರಿ?"

ಈ ಪ್ರಶ್ನೆ ಸಹಜ. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ. ಆಸುಪಾಸು ಮಳೆಯಾದರೆ ಬಳ್ಳಾರಿಯಲ್ಲಿ ಐದಾರು ನೂರು ಮಿ.ಮೀ. ಅಷ್ಟೇ. ಅದರಲ್ಲೂ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಹೆಚ್ಚು.

ಆದರೆ ಕಟ್ಟಿಗೆಗೆ ತೇವ ಸಿಗುವ ದಾರಿ ಮಳೆ ಒಂದೇ ಅಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯಿಂದ ಕಾಲುವೆಗೆ ನೀರು ಹರಿಯತೊಡಗಿದ ಮೇಲೆ ಸಿರುಗುಪ್ಪ, ಕುರುಗೋಡು ಭಾಗ ಭತ್ತದ ನಾಡಾಯಿತು. ಮನೆ ಹಿಂದೆ ಗದ್ದೆಯಲ್ಲಿ ತಿಂಗಳುಗಟ್ಟಲೆ ನೀರು ನಿಂತಿರುತ್ತದೆ. ನೆಲದ ತೇವ ಮೇಲೇ ಇರುತ್ತದೆ, ಬೆಳಗಿನ ಜಾವ ಇಬ್ಬನಿಯೂ ಬೀಳುತ್ತದೆ. ನಗರದಲ್ಲಿ ಗದ್ದೆ ಇಲ್ಲದಿದ್ದರೂ ಸಂಪ್ ಉಕ್ಕುವ ನೀರು, ಏಸಿ ಪೈಪಿನ ಹನಿ, ಬಟ್ಟೆ ಒಗೆಯುವ ಕಲ್ಲಿನ ನೀರು, ದಿನಾ ಅಂಗಳಕ್ಕೆ ಹಾಕುವ ನೀರು ಇದ್ದೇ ಇವೆ.

ಕಟ್ಟಿಗೆ ಕೊಳೆಸುವ ಬೂಷ್ಟು ಬೆಳೆಯಬೇಕಾದರೆ ಕಟ್ಟಿಗೆಯ ತೇವಾಂಶ ಸುಮಾರು ಶೇ 20ಕ್ಕಿಂತ ಮೇಲೆ ಇದ್ದು ಬಹಳ ದಿನ ಹಾಗೇ ಉಳಿಯಬೇಕು. ಮಳೆ ಬಂದು ಹಲಗೆ ನೆಂದು ಮರುದಿನ ಒಣಗಿದರೆ ತೊಂದರೆ ಇಲ್ಲ. ಒಣಗದೆ ಉಳಿಯುವ ಜಾಗಗಳೇ ಅಪಾಯ: ಹಲಗೆ ಜಂತೆ ಮೇಲೆ ಕೂರುವ ಸಂದು, ಗೋಡೆಗೆ ಒತ್ತಿದ ತುದಿ, ಕಸ ತುಂಬಿದ ಬಿರುಕು, ಕುಂಡದ ತಳ.

ಹಲಗೆ ಯಾಕೆ ಬಿರಿಯುತ್ತೆ, ಯಾಕೆ ಉಬ್ಬುತ್ತೆ?

ಕಟ್ಟಿಗೆ ಸುತ್ತಲಿನ ಗಾಳಿಯ ತೇವಕ್ಕೆ ತಕ್ಕಂತೆ ನೀರು ಹೀರುತ್ತದೆ, ಬಿಡುತ್ತದೆ. ಗಾಳಿಯ ಆರ್ದ್ರತೆ ಶೇ 30 ಇದ್ದರೆ ಕಟ್ಟಿಗೆಯ ತೇವಾಂಶ ನಿಧಾನವಾಗಿ ಶೇ 6ರ ಹತ್ತಿರ ಬಂದು ನಿಲ್ಲುತ್ತದೆ. ಶೇ 80 ಇದ್ದರೆ ಶೇ 16ರ ಹತ್ತಿರ ನಿಲ್ಲುತ್ತದೆ. ನಮ್ಮಲ್ಲಿ ಏಪ್ರಿಲ್ ಮಧ್ಯಾಹ್ನದ ಗಾಳಿಗೂ ಸೆಪ್ಟೆಂಬರ್ ಬೆಳಗಿನ ಗಾಳಿಗೂ ಇಷ್ಟು ವ್ಯತ್ಯಾಸ ಇರುವುದು ಸಾಮಾನ್ಯ.

ಈ ಏರಿಳಿತದಲ್ಲಿ ಹಲಗೆಯ ಉದ್ದ ಬದಲಾಗುವುದಿಲ್ಲ ಎನ್ನಬಹುದು. ಅಗಲ ಬದಲಾಗುತ್ತದೆ. ನಾಲ್ಕು ಇಂಚಿನ ಸಾಗವಾನಿ ಹಲಗೆ ಒಂದೆರಡು ಮಿ.ಮೀ. ಹಿಗ್ಗಿ ಕುಗ್ಗುವುದು ಸಹಜ. 29 ಹಲಗೆ ಸಂದಿಲ್ಲದೆ ಒತ್ತೊತ್ತಾಗಿ ಜೋಡಿಸಿದರೆ ಒಟ್ಟು ಎಷ್ಟಾಯಿತು ಲೆಕ್ಕ ಹಾಕಿ. ಜಾಗ ಸಿಗದೆ ನಡುವೆ ಉಬ್ಬಿ ಸ್ಕ್ರೂ ಕಿತ್ತುಕೊಂಡು ಬರುತ್ತದೆ.

ಇದಕ್ಕೆ ಪರಿಹಾರ ಸುಲಭ. ಏಪ್ರಿಲ್, ಮೇ ತಿಂಗಳಲ್ಲಿ ಒಣಗಿದ ಹಲಗೆ ಹಾಕಿಸಿದರೆ 6 ಮಿ.ಮೀ. ಸಂದು ಬಿಡಿಸಿ, ಮಳೆಗಾಲದಲ್ಲಿ ಹಿಗ್ಗಲು ಜಾಗ ಬೇಕು. ಸೆಪ್ಟೆಂಬರ್‌ನಲ್ಲಿ ಹಾಕಿಸಿದರೆ 3-4 ಮಿ.ಮೀ. ಸಾಕು, ಬೇಸಿಗೆಗೆ ಅದೇ ಅಗಲವಾಗುತ್ತದೆ. ಸಂದು ಒಂದೇ ಸಮ ಬರಲು ಬಡಗಿಗಳು ಮೊಳೆಯನ್ನೋ ತೆಳು ಪಟ್ಟಿಯನ್ನೋ ನಡುವೆ ಇಟ್ಟು ಜೋಡಿಸುತ್ತಾರೆ.

ತಂದ ದಿನವೇ ಹಲಗೆ ಜಡಿಯಬೇಡಿ. ನೆರಳಲ್ಲಿ, ನೆಲದಿಂದ ಎತ್ತರದಲ್ಲಿ, ಹಲಗೆ ಹಲಗೆ ನಡುವೆ ರೀಪು ಇಟ್ಟು ಮೂರು ನಾಲ್ಕು ವಾರ ಪೇರಿಸಿಡಿ. ಕರಾವಳಿಯಿಂದಲೋ ಮಲೆನಾಡಿನಿಂದಲೋ ಬಂದ ಮಾಲಾದರೆ ಇದು ತಪ್ಪಿಸಲೇಬಾರದು. ತುದಿಗಳಿಗೆ ಮೇಣ ಅಥವಾ ಪೇಂಟ್ ಬಳಿಯಿರಿ. ನೀರು ಬೇಗ ಹೋಗುವುದು ತುದಿಯಿಂದಲೇ, ಸೀಳು ಬಿಡುವುದೂ ಅಲ್ಲಿಂದಲೇ.

ಕಟ್ಟಿಗೆ ಒಣಗಿದೆಯಾ ನೋಡಲು ಮಾಯಿಶ್ಚರ್ ಮೀಟರ್ ಇದೆ. ಇಲ್ಲದಿದ್ದರೆ ಅಂಗಡಿಯ ಡಿಜಿಟಲ್ ತಕ್ಕಡಿ ಸಾಕು. ಹಲಗೆಯ ನಡುಭಾಗದಿಂದ ಸಣ್ಣ ತುಂಡು ಕತ್ತರಿಸಿ ತೂಗಿ. ಆಮೇಲೆ ಓವನ್‌ನಲ್ಲಿ 100 ಡಿಗ್ರಿಗಿಂತ ಸ್ವಲ್ಪ ಮೇಲೆ, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ ಮತ್ತೆ ತೂಗಿ. ಮೊದಲು 112 ಗ್ರಾಂ ಇದ್ದದ್ದು 100 ಗ್ರಾಂಗೆ ನಿಂತರೆ ತೇವಾಂಶ ಶೇ 12. ನಮ್ಮ ಹವೆಗೆ ಅದು ಒಳ್ಳೆಯ ಮಟ್ಟ. ಶೇ 20 ದಾಟಿದರೆ ಇನ್ನೂ ಹಸಿ, ಕಾಯಿರಿ.

ಮೂರು ಊರು, ಮೂರು ನೆಲ

ಸಿರುಗುಪ್ಪ: ಎರೆ ಭೂಮಿ. ನೀರು ಕುಡಿದರೆ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಗೋಡೆಗಳೇ ಸೀಳು ಬಿಡುವ ಈ ಮಣ್ಣಲ್ಲಿ ಡೆಕ್‌ನ ಸಣ್ಣ ಕಂಬ ಅಲುಗದೆ ನಿಲ್ಲುವುದು ಕಷ್ಟ. ಒಂದು ಕಂಬ ಎದ್ದು ಇನ್ನೊಂದು ಕುಸಿದರೆ ಇಡೀ ಹಲಗೆ ಸಾಲು ತಿರುಚಿಕೊಳ್ಳುತ್ತದೆ. ಇಂತಹ ಮಣ್ಣಲ್ಲಿ ದೊಡ್ಡ ಕಟ್ಟಡಗಳಿಗೆ ಅಂಡರ್ ರೀಮ್ಡ್ ಪೈಲ್ ಹಾಕುತ್ತಾರೆ. ತುದಿಯಲ್ಲಿ ಗಡ್ಡೆಯಂತೆ ದಪ್ಪವಿರುವ ಈ ಪೈಲ್ ಅನ್ನು ಬೆಳೆಸಿದ್ದು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ. ಮನೆ ಮುಂದಿನ ಸಣ್ಣ ಡೆಕ್‌ಗೆ ಅಷ್ಟು ಖರ್ಚು ಬೇಡ. ಎರೆ ಮಣ್ಣನ್ನು ಎರಡು ಮೂರು ಅಡಿ ತೆಗೆದು ಮೊರಂ ತುಂಬಿ, ಪದರ ಪದರವಾಗಿ ದಮ್ಮಸು ಮಾಡಿ, ಅದರ ಮೇಲೆ ಬಂಡೆ ತುಂಡಿನ ಅಡಿಗಲ್ಲು ಇಡಿಸಿ. ಡೆಕ್ ಅನ್ನು ಮನೆ ಗೋಡೆಗೆ ಬೋಲ್ಟ್ ಹಾಕಿ ಸೇರಿಸಬೇಡಿ. ಮನೆ ಒಂದು ಕಡೆ, ಡೆಕ್ ಒಂದು ಕಡೆ ಅಲುಗಲಿ. ನಡುವೆ ಒಂದು ಇಂಚು ಜಾಗ ಬಿಡಿ. ತೊಲೆ ಕೆಳಗೆ ತೆಳು ಕಲ್ಲಿನ ಬಿಲ್ಲೆ ಇಟ್ಟರೆ ಎರಡು ವರ್ಷಕ್ಕೊಮ್ಮೆ ಮಟ್ಟ ಸರಿಮಾಡಬಹುದು.

ಕುರುಗೋಡು: ಗುಡ್ಡದ ಬದಿಯಲ್ಲಿ ಗಟ್ಟಿ ನೆಲ, ಕಲ್ಲು. ಬುನಾದಿಗೆ ಚಿಂತೆ ಕಡಿಮೆ. ಕಲ್ಲಿನ ಕೆಲಸ ಈ ಊರಿಗೆ ಹೊಸದಲ್ಲ, ದೊಡ್ಡಬಸವೇಶ್ವರ ಗುಡಿಯ ಬೃಹತ್ ನಂದಿಯೇ ಸಾಕ್ಷಿ. ಕಂಬಗಳನ್ನು ಕಲ್ಲಲ್ಲೇ ಮಾಡಿಸಿ, ತೊಲೆಯಿಂದ ಮೇಲಕ್ಕೆ ಮಾತ್ರ ಕಟ್ಟಿಗೆ ಬಳಸಿ. ಆದರೆ ಹೊಲದಂಚಿನ ಮನೆಗಳಲ್ಲಿ ಹುತ್ತ ಇದೆಯಾ ನೋಡಿ, ಗೆದ್ದಲು ಅಲ್ಲಿಂದಲೇ ಬರುತ್ತದೆ. ಕಾಲುವೆ ಕೆಳಗಿನ ತಗ್ಗು ಪ್ರದೇಶವಾದರೆ ಸಿರುಗುಪ್ಪದ ಮಾತೇ ಇಲ್ಲಿಗೂ.

ಬಳ್ಳಾರಿ ನಗರ: ನಿವೇಶನ ಸಣ್ಣದು, ಹಾಗಾಗಿ ಡೆಕ್ ಮಾಳಿಗೆ ಮೇಲೆ. ಇಲ್ಲಿ ಅಪಾಯ ಬೇರೆ. ಆರ್‌ಸಿಸಿ ಮೇಲೆ ಡ್ರಿಲ್ ಹಾಕಿ ಜಂತೆ ಬಿಗಿದರೆ ವಾಟರ್‌ಪ್ರೂಫಿಂಗ್ ಹೋಗಿ ಕೆಳಗಿನ ಕೋಣೆ ಸೋರುತ್ತದೆ. ತೂತು ಹಾಕದೆ ರಬ್ಬರ್ ಬಿಲ್ಲೆ ಅಥವಾ ಪ್ಲಾಸ್ಟಿಕ್ ಸ್ಟ್ಯಾಂಡ್ ಮೇಲೆ ಚೌಕಟ್ಟು ಕೂರಿಸಬೇಕು. ಜಂತೆಗಳು ನೀರು ಹರಿಯುವ ದಿಕ್ಕಿಗೇ ಇರಬೇಕು, ಅಡ್ಡ ಇದ್ದರೆ ನೀರು ಕಟ್ಟಿ ನಿಲ್ಲುತ್ತದೆ. ಮಳೆ ನೀರಿನ ತೂಬಿನ ಮೇಲಿನ ಹಲಗೆ ಬಿಚ್ಚಲು ಬರುವಂತಿರಲಿ.

ಗೆದ್ದಲು: ಕಾಣದ ಹಾದಿ, ಕಾಣುವಂತೆ ಮಾಡಿ

ಗೆದ್ದಲು ಬಿಸಿಲಿಗೆ ಬರುವುದಿಲ್ಲ. ನೆಲದಿಂದ ಕಟ್ಟಿಗೆವರೆಗೆ ಮಣ್ಣಿನ ಸಣ್ಣ ಕೊಳವೆ ಕಟ್ಟಿಕೊಂಡು ಅದರೊಳಗೆ ಏರುತ್ತದೆ. ಡೆಕ್ ನೆಲಕ್ಕೆ ಅಂಟಿಕೊಂಡಿದ್ದರೆ ಈ ಕೊಳವೆ ಯಾರಿಗೂ ಕಾಣುವುದಿಲ್ಲ. ಗೊತ್ತಾಗುವುದು ಹಲಗೆ ಮೇಲೆ ಕಾಲಿಟ್ಟು ಕುಸಿದಾಗಲೇ.

ಅದಕ್ಕೆ ನೆಲದಿಂದ ಕಟ್ಟಿಗೆಗೆ ಕನಿಷ್ಠ ಒಂದು ಅಡಿ, ಸಾಧ್ಯವಾದರೆ ಒಂದೂವರೆ ಅಡಿ ಎತ್ತರ ಇರಲಿ. ಟಾರ್ಚ್ ಹಾಕಿ ಬಗ್ಗಿ ನೋಡಲು ಆಗಬೇಕು. ಸುತ್ತ ಮುಚ್ಚಬೇಕಾದರೆ ಹಲಗೆ ಹೊಡೆಯಬೇಡಿ, ಸಣ್ಣ ಕಣ್ಣಿನ ಜಾಲರಿ ಹಾಕಿ, ಒಂದು ಕಡೆ ತೆಗೆಯಲು ಬರುವಂತಿರಲಿ. ಗಾಳಿ ಆಡುತ್ತದೆ, ಹಾವು, ಇಲಿ ಒಳಗೆ ಸೇರುವುದೂ ತಪ್ಪುತ್ತದೆ. ಡೆಕ್ ಕೆಳಗೆ ಹಳೇ ಕಟ್ಟಿಗೆ, ರಟ್ಟಿನ ಡಬ್ಬ, ಭತ್ತದ ಹುಲ್ಲು ಇಡಬೇಡಿ. ಗೆದ್ದಲಿಗೂ ಚೇಳಿಗೂ ಅದೇ ಆಹ್ವಾನ.

ಮನೆ ಕಟ್ಟುವಾಗಲೇ ನೆಲಕ್ಕೆ ಗೆದ್ದಲು ನಿರೋಧಕ ಹಾಕುವ ಕ್ರಮವನ್ನು ಐಎಸ್ 6313 ಎಂಬ ಭಾರತೀಯ ಮಾನಕ ಹೇಳುತ್ತದೆ. ಈಗಾಗಲೇ ಕಟ್ಟಿದ ಮನೆಗೂ ಅದರಲ್ಲಿ ಬೇರೆ ಭಾಗ ಇದೆ. ಈ ಕೆಲಸ ಪರವಾನಗಿ ಇರುವ ಪೆಸ್ಟ್ ಕಂಟ್ರೋಲ್‌ನವರಿಂದಲೇ ಮಾಡಿಸಿ. ಹೊಲಕ್ಕೆ ಹೊಡೆದು ಉಳಿದ ಔಷಧಿಯನ್ನು ಡೆಕ್ ಕೆಳಗೆ ಸುರಿಯುವುದು ಬೇಡವೇ ಬೇಡ. ಸಂಪ್, ಬೋರ್‌ವೆಲ್ ಹತ್ತಿರವಿದ್ದರೆ ಕುಡಿಯುವ ನೀರಿಗೇ ಸೇರೀತು. ಗಾಡಿಯ ಸುಟ್ಟ ಆಯಿಲ್ ಬಳಿಯುವ ಹಳೇ ರೂಢಿಯೂ ಮಕ್ಕಳು ಕೂತು ಆಡುವ ಕಟ್ಟೆಗೆ ಸಲ್ಲದು.

ಹಾಗಾದ್ರೆ ಯಾವ ಕಟ್ಟಿಗೆ?

ಸಾಗವಾನಿ: ಕೆಚ್ಚು ಹೆಚ್ಚಿರುವ ಹಲಗೆಯಾದರೆ ಬಯಲಿಗೆ ಇದಕ್ಕಿಂತ ನಂಬಿಕೆಯ ಮರ ಕಡಿಮೆ. ದಾಂಡೇಲಿ ಭಾಗದ ಅರಣ್ಯ ಇಲಾಖೆ ಡಿಪೋಗಳ ಮರಕ್ಕೆ ಹೆಸರಿದೆ. ಹಳೇ ಮನೆ ಕೆಡವಿದಾಗ ಬರುವ ತೊಲೆ, ಬಾಗಿಲು ಚೌಕಟ್ಟು ಸಿಕ್ಕರೆ ಇನ್ನೂ ಒಳ್ಳೆಯದು, ದಶಕಗಳಿಂದ ಒಣಗಿರುತ್ತದೆ. ಮೊಳೆ ಉಳಿದಿರಬಹುದು, ಸಾಮಿಲ್‌ಗೆ ಹಾಕುವ ಮುಂಚೆ ಹೇಳಿ.

ಕರಿಜಾಲಿ, ಬೇವು: ಎತ್ತಿನ ಗಾಡಿ, ನೇಗಿಲು ಮಾಡುತ್ತಿದ್ದ ಕರಿಜಾಲಿಯ ಕೆಚ್ಚು ಬಹಳ ಗಟ್ಟಿ. ಉದ್ದ ನೇರ ಹಲಗೆ ಸಿಗುವುದು ಕಷ್ಟ, ಆದರೆ ತೊಲೆ, ಜಂತೆಗೆ ಆದೀತು. ಹೊಲದ ಮರವಾದರೂ ಕಡಿದು ಸಾಗಿಸಲು ಅನುಮತಿ ಬೇಕೇ ಎಂದು ವಲಯ ಅರಣ್ಯ ಅಧಿಕಾರಿ ಕಚೇರಿಯಲ್ಲಿ ಮೊದಲೇ ಕೇಳಿ.

ಸೀಡರ್: ನೆರಳಿನ, ಹಗುರ ಬಳಕೆಯ ಜಾಗಕ್ಕೆ. ಹಡಗಿನಲ್ಲಿ ಬರುವ ಮಾಲು, ದೊಡ್ಡ ಊರಿನ ವರ್ತಕರ ಮೂಲಕ ತರಿಸಬೇಕಾಗುತ್ತದೆ, ಸಾಗಣೆ ಖರ್ಚು ಸೇರಿಸಿ ಲೆಕ್ಕ ಹಾಕಿ. ಇದನ್ನು ಕೊಯ್ಯುವಾಗ ಏಳುವ ಪುಡಿಯಿಂದ ಕೆಲವರಿಗೆ ಉಬ್ಬಸ ಬರುತ್ತದೆ. ಬಡಗಿಗೆ ಮಾಸ್ಕ್ ಕೊಡಿಸಿ.

ಔಷಧಿ ಕುಡಿಸಿದ ಪೈನ್: ಒತ್ತಡದಲ್ಲಿ ಔಷಧಿ ಒಳಗೆ ಇಳಿಸಿದ್ದಾದರೆ ಸರಿ, ಮೇಲೆ ಬ್ರಷ್‌ನಲ್ಲಿ ಬಳಿದದ್ದು ಸಾಲದು. ಕತ್ತರಿಸಿದ ತುದಿಗೆ ಮತ್ತೆ ಔಷಧಿ ಹಚ್ಚಬೇಕು. ಉಳಿದ ತುಂಡುಗಳನ್ನು ಒಲೆಗೆ ಹಾಕಬೇಡಿ. ಕೆಲವು ಔಷಧಿಗಳಲ್ಲಿ ಆರ್ಸೆನಿಕ್ ಇರುತ್ತದೆ, ಹೊಗೆ ವಿಷ.

ಡಬ್ಲ್ಯುಪಿಸಿ: ಕಟ್ಟಿಗೆ ಪುಡಿ ಮತ್ತು ಪ್ಲಾಸ್ಟಿಕ್ ಸೇರಿಸಿದ ಹಲಗೆ. ಗೆದ್ದಲಿನ ಭಯ ಕಡಿಮೆ. ಆದರೆ ನಮ್ಮ ಮೇ ತಿಂಗಳ ಬಿಸಿಲಿಗೆ ಬರಿಗಾಲು ಇಡಲಾಗದಷ್ಟು ಕಾಯುತ್ತದೆ. ಇದು ಉದ್ದಕ್ಕೂ ಹಿಗ್ಗುತ್ತದೆ, ತುದಿಯಲ್ಲಿ ಜಾಗ ಬಿಡಲೇಬೇಕು.

ಪ್ಲೈವುಡ್: ಮರೀನ್ ಪ್ಲೈ ಆದರೂ ಬಯಲಿನ ಡೆಕ್ ಹಲಗೆಯಾಗಿ ಬೇಡ.

10×12 ಅಡಿ ಡೆಕ್‌ಗೆ ಎಷ್ಟು ಕಟ್ಟಿಗೆ ಬೇಕು?

ರೇಟು ದಿನಕ್ಕೊಂದು, ಅಂಗಡಿಗೊಂದು. ಆದರೆ ಅಳತೆ ಗೊತ್ತಿದ್ದರೆ ಯಾರೂ ದಾರಿ ತಪ್ಪಿಸಲಾರರು.

ಹಲಗೆ: 4 ಇಂಚು ಅಗಲ, 1 ಇಂಚು ದಪ್ಪ, 12 ಅಡಿ ಉದ್ದ. 5 ಮಿ.ಮೀ. ಸಂದು ಬಿಟ್ಟರೆ 10 ಅಡಿಗೆ 29 ಹಲಗೆ. ಸುಮಾರು 9.7 ಘನ ಅಡಿ.

ಜಂತೆ: 2×4 ಇಂಚು, 10 ಅಡಿ ಉದ್ದ. ಒಂದು ಅಡಿ ನಾಲ್ಕು ಇಂಚಿಗೆ ಒಂದರಂತೆ 10 ಜಂತೆ. ಸುಮಾರು 5.6 ಘನ ಅಡಿ.

ತೊಲೆ: 3×4 ಇಂಚು, 12 ಅಡಿ ಉದ್ದ, ನಾಲ್ಕು ಸಾಲು. 4 ಘನ ಅಡಿ.

ಅಡಿಗಲ್ಲು: ಸಾಲಿಗೆ ನಾಲ್ಕರಂತೆ 16.

ಸ್ಕ್ರೂ: ಹಲಗೆ ಜಂತೆ ಕೂಡುವಲ್ಲೆಲ್ಲ ಎರಡೆರಡು, ಒಟ್ಟು 580.

ಒಟ್ಟು ಕಟ್ಟಿಗೆ 19 ಘನ ಅಡಿ ಚಿಲ್ಲರೆ, ಹಾಳಾಗುವುದಕ್ಕೆ ಶೇ 10 ಸೇರಿಸಿದರೆ 21 ಘನ ಅಡಿ. 12 ಅಡಿ ಉದ್ದದ ಹಲಗೆ ದುಬಾರಿ ಎನಿಸಿದರೆ 6 ಅಡಿಯದು ತಗೊಂಡು ನಡುವೆ ಜೋಡಿ ಜಂತೆ ಹಾಕಿ ಸೇರಿಸಬಹುದು. ಬಜೆಟ್ ಕಡಿಮೆ ಇದ್ದರೆ ತೊಲೆ, ಜಂತೆಗೆ ಗ್ಯಾಲ್ವನೈಸ್ ಮಾಡಿದ ಬಾಕ್ಸ್ ಪೈಪ್ ಬಳಸಿ ಹಲಗೆ ಮಾತ್ರ ಕಟ್ಟಿಗೆಯದು ಹಾಕಿಸಿ. ವೆಲ್ಡಿಂಗ್ ಆದ ಜಾಗಕ್ಕೆ ಜಿಂಕ್ ಪೇಂಟ್ ಬಳಿಸಲು ಮರೆಯಬೇಡಿ.

ಭಾರದ ವಿಷಯದಲ್ಲಿ ಕಂಜೂಸಿ ಬೇಡ. ಮನೆ ಬಾಲ್ಕನಿಗಳಿಗೆ ಚದರ ಮೀಟರಿಗೆ ಸುಮಾರು 300 ಕೆ.ಜಿ. ಹೊರುವಂತೆ ಲೆಕ್ಕ ಹಾಕುವುದು ಭಾರತೀಯ ಮಾನಕದ ಕ್ರಮ. ಆ ಲೆಕ್ಕದಲ್ಲಿ 10×12 ಅಡಿ ಡೆಕ್ ಮೂರು ಟನ್ನಿಗೂ ಹೆಚ್ಚು ತಡೆಯಬೇಕು. ದಿನಾ ಇಬ್ಬರೇ ಕೂರಬಹುದು, ಆದರೆ ಸೀಮಂತ, ನಾಮಕರಣದ ದಿನ ಮೂವತ್ತು ಜನ ಫೋಟೊಗೆ ನಿಲ್ಲುತ್ತಾರೆ. ಮಾಳಿಗೆ ಮೇಲಿನ ಡೆಕ್, ಅಥವಾ ನೆಲದಿಂದ ಎರಡು ಮೂರು ಅಡಿಗಿಂತ ಎತ್ತರದ್ದಾದರೆ ಎಂಜಿನಿಯರ್‌ಗೆ ತೋರಿಸಿ, ರೇಲಿಂಗ್ ಹಾಕಿಸಿ.

ಕೆಲಸ ನಡೆಯುವಾಗ ನಿಂತು ನೋಡಬೇಕಾದ್ದು

1. ಡೆಕ್ ಕೆಳಗಿನ ನೆಲ ಮನೆಯಿಂದ ಹೊರಕ್ಕೆ ವಾಟ ಇರಲಿ. 10 ಅಡಿಗೆ ಎರಡು ಇಂಚು ಇಳಿಜಾರು ಸಾಕು. ನೀರು ನಿಂತರೆ ಸೊಳ್ಳೆಯೂ ಬರುತ್ತದೆ, ತೇವವೂ ಉಳಿಯುತ್ತದೆ.

2. ಅಡಿಗಲ್ಲು ಮತ್ತು ತೊಲೆ ನಡುವೆ ರಬ್ಬರ್ ಶೀಟ್ ತುಂಡು ಇರಲಿ. ಕಲ್ಲಿನ ತೇವ ಕಟ್ಟಿಗೆಗೆ ಏರುವುದಿಲ್ಲ.

3. ಜಂತೆಯ ಮೇಲ್ಮುಖಕ್ಕೆ ನೀರು ತಡೆಯುವ ಟೇಪ್ ಅಂಟಿಸಿ. ಮೊದಲು ಕೊಳೆಯುವುದು ಅದೇ ಜಾಗ.

4. ಮೊಳೆ ಬೇಡ, ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿಸಿ. ಸಾದಾ ಕಬ್ಬಿಣದ ಸ್ಕ್ರೂ ಆದರೆ ಕಟ್ಟಿಗೆಯ ಒಗರಿನ ಜೊತೆ ಸೇರಿ ಕಪ್ಪು ಕಲೆ ಇಳಿಯುತ್ತದೆ. ಸೀಡರ್‌ನಲ್ಲಿ ಇದು ಎದ್ದು ಕಾಣುತ್ತದೆ.

5. ಸ್ಕ್ರೂ ಮುಂಚೆ ಸಣ್ಣ ತೂತು ಹಾಕಿಸಿ, ಇಲ್ಲದಿದ್ದರೆ ತುದಿ ಸೀಳುತ್ತದೆ.

6. ಗೇಟ್, ಗ್ರಿಲ್ ಕೆಲಸ ಬಾಕಿ ಇದ್ದರೆ ಅದನ್ನು ಮೊದಲು ಮುಗಿಸಿ. ಗ್ರೈಂಡರ್‌ನ ಕಬ್ಬಿಣದ ಪುಡಿ ಹಲಗೆ ಮೇಲೆ ಬಿದ್ದು ಮಳೆಗೆ ನೆಂದರೆ ಹಲಗೆ ತುಂಬ ಕಪ್ಪು ಚುಕ್ಕೆ.

ಎಣ್ಣೆನಾ, ವಾರ್ನಿಷಾ?

ಬಾಗಿಲಿಗೆ ಹೊಳಪು ವಾರ್ನಿಷ್ ಚೆಂದ. ಬಯಲಿನ ಹಲಗೆಗೆ ಅದು ಪದರವಾಗಿ ಕೂರುತ್ತದೆ, ಬಿಸಿಲಿಗೆ ಬಿರಿಯುತ್ತದೆ, ಬಿರುಕಿನಿಂದ ಒಳಹೋದ ನೀರು ಹೊರಬರುವುದಿಲ್ಲ. ಡೆಕ್‌ಗೆ ಕಟ್ಟಿಗೆಯೊಳಗೆ ಇಳಿಯುವ ಎಣ್ಣೆ ಅಥವಾ ಸ್ಟೇನ್ ಒಳ್ಳೆಯದು. ವರ್ಷಕ್ಕೊಮ್ಮೆ ತೊಳೆದು ಒಣಗಿಸಿ ಮತ್ತೆ ಹಚ್ಚಿದರಾಯಿತು. ಬಣ್ಣವಿಲ್ಲದ ಎಣ್ಣೆಗಿಂತ ಸ್ವಲ್ಪ ಬಣ್ಣವಿರುವುದು ಬಿಸಿಲನ್ನು ಹೆಚ್ಚು ತಡೆಯುತ್ತದೆ. ಏನೂ ಹಚ್ಚದಿದ್ದರೆ ಸಾಗವಾನಿಯೂ ಸೀಡರ್ರೂ ಬೂದು ಬಣ್ಣಕ್ಕೆ ತಿರುಗುತ್ತವೆ. ಅಷ್ಟರಿಂದಲೇ ಕಟ್ಟಿಗೆ ಕೆಟ್ಟಿತು ಎಂದಲ್ಲ.

ಒಂದು ಎಚ್ಚರಿಕೆ. ಅಗಸೆ ಎಣ್ಣೆಯಂತಹ ಒಣಗುವ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಅದು ತಾನೇ ಕಾದು ಹೊತ್ತಿಕೊಳ್ಳಬಹುದು. ನೀರಲ್ಲಿ ಅದ್ದಿ ಅಥವಾ ಬಯಲಲ್ಲಿ ಹರವಿ ಒಣಗಿಸಿ.

ಅಂಗಡಿಯವರಿಗೆ ಎರಡು ಮಾತು

ಜ್ಯೂಸ್ ಅಂಗಡಿ, ಹೋಟೆಲ್, ಬಟ್ಟೆ ಅಂಗಡಿ ಮುಂದೆ ಕಟ್ಟಿಗೆ ಕಟ್ಟೆ ಹಾಕಿಸುವವರು ಮೊದಲು ನೋಡಬೇಕಾದ್ದು ಜಾಗ. ಚರಂಡಿ, ಫುಟ್‌ಪಾತ್ ಮೇಲೆ ಹಾಕಿದರೆ ತೆರವಿನ ದಿನ ಹಾಕಿದ ದುಡ್ಡೆಲ್ಲ ಹೋಯಿತು. ಬಳ್ಳಾರಿಯಲ್ಲಿ ಮಹಾನಗರ ಪಾಲಿಕೆ, ಸಿರುಗುಪ್ಪದಲ್ಲಿ ನಗರಸಭೆ, ಕುರುಗೋಡಲ್ಲಿ ಪುರಸಭೆಯನ್ನು ಕೇಳಿಯೇ ಮುಂದುವರಿಯಿರಿ. ಚರಂಡಿ ಮೇಲಿನ ಹಲಗೆ ಸದಾ ಒದ್ದೆ ಗಾಳಿಯಲ್ಲೇ ಇರುತ್ತದೆ, ಬೇಗ ಕೊಳೆಯುವುದೂ ಅದೇ.

ಎರಡನೆಯದು ಜಾರಿಕೆ. ಮಳೆಗಾಲದಲ್ಲಿ ನೆರಳಿನ ಹಲಗೆ ಮೇಲೆ ಪಾಚಿ ಕಟ್ಟುತ್ತದೆ. ಗಟ್ಟಿ ಬ್ರಷ್, ಸೋಪು ನೀರು ಸಾಕು. ಗಾಡಿ ತೊಳೆಯುವ ಪ್ರೆಶರ್ ಪಂಪ್ ಹಿಡಿದರೆ ಕಟ್ಟಿಗೆಯ ಎಳೆ ಎದ್ದು ಇನ್ನಷ್ಟು ನೀರು ಹೀರುತ್ತದೆ. ಮೆಟ್ಟಿಲ ಅಂಚಿಗೆ ಜಾರದ ಪಟ್ಟಿ ಹಾಕಿಸಿ. ಗಿರಾಕಿ ಜಾರಿ ಬಿದ್ದ ಮೇಲೆ ಹಾಕಿಸಿ ಏನು ಪ್ರಯೋಜನ?

ವರ್ಷದಲ್ಲಿ ಮೂರು ಸಲ ನೋಡಿ

ಮೇ ಕೊನೆ: ಸಂದಿನ ಕಸ, ಎಲೆ ತೆಗೆಯಿರಿ, ಸಡಿಲವಾದ ಸ್ಕ್ರೂ ಬಿಗಿ ಮಾಡಿ, ತೂಬು ತೆರೆದಿದೆಯಾ ನೋಡಿ.

ಸೆಪ್ಟೆಂಬರ್: ಟಾರ್ಚ್ ಹಿಡಿದು ಕೆಳಗೆ ಬಗ್ಗಿ ಗೆದ್ದಲಿನ ಮಣ್ಣಿನ ಗೆರೆ ಹುಡುಕಿ. ಸ್ಕ್ರೂಡ್ರೈವರ್ ತುದಿಯಿಂದ ತೊಲೆ, ಜಂತೆ ಚುಚ್ಚಿ ನೋಡಿ. ಮೆತ್ತಗೆ ಒಳಹೋದರೆ ಆ ತುಂಡು ಬದಲಿಸಿ.

ದೀಪಾವಳಿ ಮುಗಿದು ಗಾಳಿ ಒಣಗಿದ ಮೇಲೆ: ತೊಳೆದು, ನಾಲ್ಕೈದು ದಿನ ಒಣಗಿಸಿ, ಎಣ್ಣೆ ಹಚ್ಚಿ. ಕುಂಡಗಳ ಜಾಗ ಬದಲಿಸಿ, ತಳಕ್ಕೆ ಸಣ್ಣ ಕಾಲು ಇಡಿ.

ದುಡ್ಡು ಕೊಡುವ ಮುಂಚೆ ಕೇಳಬೇಕಾದ ಐದು ಪ್ರಶ್ನೆ

ಬಿಲ್ಲಿನಲ್ಲಿ ಮರದ ಪೂರ್ತಿ ಹೆಸರು ಬರೀತೀರಾ? ಹಲಗೆಯಲ್ಲಿ ಬಿಳಿ ಭಾಗ ಎಷ್ಟಿದೆ? ತೇವಾಂಶ ಅಳೆದು ತೋರಿಸ್ತೀರಾ? ನೆಲದಿಂದ ಕಟ್ಟಿಗೆಗೆ ಎಷ್ಟು ಎತ್ತರ ಬಿಡ್ತೀರಿ? ಒಂದು ಹಲಗೆ ಕೆಟ್ಟರೆ ಅದೊಂದನ್ನೇ ಬಿಚ್ಚಿ ಬದಲಿಸೋಕೆ ಆಗುತ್ತಾ?

ಐದಕ್ಕೂ ನೇರ ಉತ್ತರ ಕೊಡುವ ಬಡಗಿ ಸಿಕ್ಕರೆ ಮರ ಸೀಡರ್ ಆದರೂ ಸರಿ, ಸಾಗವಾನಿ ಆದರೂ ಸರಿ, ಕೆಲಸ ಒಪ್ಪಿಸಿ. ಉತ್ತರ ಸಿಗದಿದ್ದರೆ ಅವಸರ ಬೇಡ. ನಾಲ್ಕು ಬಂಡೆ ಹಾಸಿದ ಕಲ್ಲಿನ ಕಟ್ಟೆಯೂ, ಪಕ್ಕದಲ್ಲೊಂದು ಬೇವಿನ ಗಿಡವೂ ಈ ಊರಿನ ಬಿಸಿಲಿಗೆ ಇವತ್ತಿಗೂ ಸಾಲುತ್ತವೆ. ಅದಕ್ಕೆ ಎಣ್ಣೆ ಹಚ್ಚುವ ಕೆಲಸವೂ ಇಲ್ಲ.